ಮೆಣಸಿನಕಾಯಿಯ ಬಣ್ಣ ಹೇಳುವ ಮಾಡೆಲ್ಲನ್ನು ಎಷ್ಟು ನಂಬಬೇಕು?

(ಧಾರವಾಡದಲ್ಲಿ ವಿಜ್ಞಾನ ಮತ್ತು ಕೃಷಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಬರೆದದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸ್ಪೆಕ್ಟ್ರಮ್ ದತ್ತಾಂಶದಲ್ಲಿ ವೇರಿಯೇಬಲ್ ಆರಿಸುವುದು, ಮಾಡೆಲ್ ಪರೀಕ್ಷಿಸುವುದು ಅಂತ ಕರಪತ್ರದಲ್ಲಿ ಹಾಕಿದ್ದಾರೆ. ಸ್ಪೆಕ್ಟ್ರಮ್ ಅಂದರೆ ಬೇರೆ ಬೇರೆ ತರಂಗಾಂತರದ ಬೆಳಕಿಗೆ ಅಳೆದ ಅಂಕಿಗಳ ಸಾಲು, ವೇರಿಯೇಬಲ್ ಅಂದರೆ ಅದರಲ್ಲಿ ಒಂದೊಂದು ಅಂಕಿ, ಮಾಡೆಲ್ ಅಂದರೆ ಆ ಅಂಕಿಗಳಿಂದ ಉತ್ತರ ಊಹಿಸುವ ಲೆಕ್ಕ. ಅದನ್ನು ಓದಿಯೂ ಇಷ್ಟು ಜನ ಬಂದಿದ್ದೀರಿ, ಸಂತೋಷ. ಬರೀ ಲೆಕ್ಕ ಹೇಳಿದರೆ ಅರ್ಧ ಗಂಟೆಯಲ್ಲಿ ನಿಮಗೆ ನಿದ್ದೆ ಬರುತ್ತದೆ. ಹಾಗಾಗಿ ನಮ್ಮ ಕಡೆಯ ಒಂದು ವಸ್ತುವನ್ನೇ ಹಿಡಿದುಕೊಂಡು ಮಾತಾಡೋಣ. ಬ್ಯಾಡಗಿ ಮೆಣಸಿನಕಾಯಿ.

ಬ್ಯಾಡಗಿ ಮಾರುಕಟ್ಟೆಯಲ್ಲಿ ವ್ಯಾಪಾರದ ದಿನ ಒಂದು ಸುತ್ತು ಹಾಕಿದವರಿಗೆ ಗೊತ್ತಿರುತ್ತದೆ. ಖರೀದಿದಾರ ಚೀಲದೊಳಗೆ ಕೈ ಹಾಕಿ ತಳದಿಂದ ಒಂದು ಹಿಡಿ ತೆಗೆಯುತ್ತಾನೆ. ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಾನೆ. ಒಂದು ಕಾಯಿ ಮುರಿಯುತ್ತಾನೆ. ಚಟ್ ಅಂತ ಮುರಿಯಿತೋ, ಬಾಗಿತೋ ಅನ್ನುವುದರ ಮೇಲೆ ಎಷ್ಟು ಹಸಿ ಇದೆ ಅಂತ ತಿಳಿದುಕೊಳ್ಳುತ್ತಾನೆ. ಆಮೇಲೆ ಟೆಂಡರಿನಲ್ಲಿ ರೇಟು ಬರೆಯುತ್ತಾನೆ. ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಇದು ಹೆಸರುವಾಸಿಯಾದದ್ದು ಖಾರದಿಂದಲ್ಲ, ಬಣ್ಣದಿಂದ. ಆ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ. ಅದನ್ನು ಓಲಿಯೋರೆಸಿನ್ ಎಂಬ ಗಟ್ಟಿ ಎಣ್ಣೆಯಂಥ ಸಾರದ ರೂಪದಲ್ಲಿ ತೆಗೆದು ತಿಂಡಿ ತಿನಿಸಿಗೆ, ಸೌಂದರ್ಯ ಸಾಧನಕ್ಕೆ ಬಳಸುತ್ತಾರೆ. ಅಂದರೆ ಚೀಲದಲ್ಲಿ ಇರುವುದು ಮಸಾಲೆ ಪದಾರ್ಥವಾದರೂ ಎಷ್ಟೋ ಸಲ ಮಾರಾಟ ಆಗುವುದು ಬಣ್ಣ.

ಬಣ್ಣ ಅಳೆಯಲು ಲ್ಯಾಬಿನಲ್ಲಿ ಒಂದು ಗಟ್ಟಿ ವಿಧಾನ ಇದೆ. ಆಸ್ಟಾ ಮೌಲ್ಯ ಅಂತ ಕರೆಯುತ್ತಾರೆ. ಸ್ವಲ್ಪ ಪುಡಿ ತೂಗಿ ಅಸಿಟೋನಿನಲ್ಲಿ ಹಾಕಿ, ರಾತ್ರಿಯಿಡೀ ಕತ್ತಲೆಯಲ್ಲಿ ಇಡುತ್ತಾರೆ. ಬಣ್ಣ ದ್ರಾವಣಕ್ಕೆ ಇಳಿಯುತ್ತದೆ. ಬೆಳಿಗ್ಗೆ 460 ನ್ಯಾನೋಮೀಟರಿನಲ್ಲಿ ಅದು ಎಷ್ಟು ಬೆಳಕು ಹೀರುತ್ತದೆ ನೋಡಿ, 16.4ರಿಂದ ಗುಣಿಸಿ, ಪುಡಿಯ ತೂಕದಿಂದ ಭಾಗಿಸುತ್ತಾರೆ. ಉಪಕರಣದ ಒಂದು ಸಣ್ಣ ತಿದ್ದುಪಡಿ ಇರುತ್ತದೆ, ಅಷ್ಟೇ. ಇಲ್ಲಿ ವೇರಿಯೇಬಲ್ ಎಷ್ಟು? ಒಂದೇ. ಅದನ್ನು ಯಾವ ಕಂಪ್ಯೂಟರೂ ಆರಿಸಲಿಲ್ಲ. ಕೆಂಪು, ಹಳದಿ ವರ್ಣದ್ರವ್ಯಗಳು ಅಲ್ಲಿ ಜೋರಾಗಿ ಬೆಳಕು ಹೀರುತ್ತವೆ ಅಂತ ರಸಾಯನಶಾಸ್ತ್ರವೇ ಹೇಳಿತು. ಅಸಿಟೋನು ಬೇಡದ್ದನ್ನೆಲ್ಲ ಹಿಂದೆ ಬಿಟ್ಟು ಬಂದದ್ದರಿಂದ ಒಂದು ಅಂಕಿ ಸಾಕಾಯಿತು.

ಆದರೆ ಮಾರುಕಟ್ಟೆಯಲ್ಲಿ ರಾತ್ರಿಯಿಡೀ ಯಾರು ಕಾಯುತ್ತಾರೆ? ಅದಕ್ಕೇ ನಿಯರ್ ಇನ್‌ಫ್ರಾರೆಡ್ ಉಪಕರಣದ ಮಾತು ಬರುತ್ತದೆ. ಕಣ್ಣಿಗೆ ಕಾಣುವ ಕೆಂಪಿನ ಆಚೆಯ ಬೆಳಕು, ಸುಮಾರು 780ರಿಂದ 2500 ನ್ಯಾನೋಮೀಟರ್. 1960ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಕಾರ್ಲ್ ನಾರಿಸ್ ಕಾಳಿನ ತೇವಾಂಶ ಅಳೆಯಲು ಇದನ್ನು ಬಳಸಿ ದಾರಿ ತೋರಿಸಿದರು. ಪುಡಿಯ ಮೇಲೆ ಬೆಳಕು ಬಿಡುವುದು, ತಿರುಗಿ ಬಂದದ್ದನ್ನು ಅಳೆಯುವುದು. ಕೆಲವು ಸೆಕೆಂಡಿನ ಕೆಲಸ. ಅಸಿಟೋನೂ ಬೇಡ, ಕತ್ತಲೆಯೂ ಬೇಡ.

ಬೆಲೆ ಬೇರೆ ಕಡೆ ಕಟ್ಟಬೇಕು. 1100ರಿಂದ 2500ರವರೆಗೆ ಎರಡೆರಡು ನ್ಯಾನೋಮೀಟರಿಗೆ ಒಂದರಂತೆ ಅಳೆದರೆ ಒಂದು ಸ್ಯಾಂಪಲ್ಲಿಗೆ 701 ಅಂಕಿ ಬರುತ್ತವೆ. ನಿಮ್ಮ ಹತ್ತಿರ ಆಸ್ಟಾ ಮಾಡಿಸಿದ ಚೀಲಗಳು ಎಷ್ಟು? ಅರವತ್ತು ಇದ್ದರೆ ದೊಡ್ಡದು. ಅರವತ್ತು ಉತ್ತರ, 701 ಗೊತ್ತಿಲ್ಲದ ಗುಣಾಂಕ. ಶಾಲೆಯಲ್ಲಿ ಕಲಿತಂತೆ ಸಮೀಕರಣಕ್ಕಿಂತ ಅಪರಿಚಿತಗಳು ಜಾಸ್ತಿ. ಹೀಗಿದ್ದಾಗ ಯಾವ ಉತ್ತರವನ್ನು ಬೇಕಾದರೂ ಹೊಂದಿಸಬಹುದು. ಅರವತ್ತು ಚೀಲದ ಬಣ್ಣದ ಬದಲು ಅರವತ್ತು ಫೋನ್ ನಂಬರಿನ ಕೊನೆಯ ಎರಡು ಅಂಕಿ ಕೊಟ್ಟರೂ ಸರಿಯಾಗಿ ಹೊಂದುತ್ತದೆ.

ಇದಕ್ಕೆ ಮದ್ದಾಗಿ ಬಂದ ಲೆಕ್ಕದ ವಿಧಾನವೇ ಪಿಎಲ್‌ಎಸ್. ಹರ್ಮನ್ ವೋಲ್ಡ್ ಶುರು ಮಾಡಿದ್ದು, ಅವರ ಮಗ ಸ್ವಾಂಟೆ ವೋಲ್ಡ್ ಮತ್ತು ಹರಾಲ್ಡ್ ಮಾರ್ಟೆನ್ಸ್ ಸೇರಿ ರಸಾಯನಶಾಸ್ತ್ರಕ್ಕೆ ತಂದದ್ದು. ಅಕ್ಕಪಕ್ಕದ ತರಂಗಾಂತರಗಳು ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತವೆ. ಹಾಗಾಗಿ 701ನ್ನು ನಾಲ್ಕೈದು ಘಟಕಗಳಿಗೆ ಇಳಿಸಿ ಅವುಗಳ ಮೇಲೆ ಮಾಡೆಲ್ ಕಟ್ಟುತ್ತದೆ. ವಿಧಾನ ಒಳ್ಳೆಯದೇ. ಆದರೂ ಜನಕ್ಕೆ ಸಮಾಧಾನ ಇಲ್ಲ. 701 ಯಾಕೆ, ಇಪ್ಪತ್ತು ತರಂಗಾಂತರ ಸಾಕಲ್ವಾ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇಪ್ಪತ್ತೇ ಸಾಕು ಅಂತಾದರೆ ಅಗ್ಗದ ಉಪಕರಣ ಮಾಡಬಹುದು, ಗದ್ದಲ (ಅರ್ಥವಿಲ್ಲದ ಏರಿಳಿತ) ತುಂಬಿದ ಭಾಗ ಬಿಡಬಹುದು, ಮಾಡೆಲ್ ಏನನ್ನು ನೋಡುತ್ತಿದೆ ಅಂತ ಅರ್ಥ ಮಾಡಿಕೊಳ್ಳಬಹುದು. ಆರಿಸಲು ವಿಧಾನಗಳಿಗೆ ಬರ ಇಲ್ಲ. ವಿಐಪಿ, ಐಪಿಎಲ್‌ಎಸ್, ಯುವಿಇ, ಎಸ್‌ಪಿಎ, ಕಾರ್ಸ್, ಜೆನೆಟಿಕ್ ಅಲ್ಗಾರಿದಮ್. ಇವುಗಳ ಒಳಗನ್ನು ಇವತ್ತು ಬಿಚ್ಚುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಯಾವುದನ್ನು ಬಳಸಿದಿರಿ ಅನ್ನುವುದು ಅಷ್ಟು ದೊಡ್ಡ ವಿಷಯವೇ ಅಲ್ಲ. ವಿಐಪಿ, ಅಂದರೆ ಮಾಡೆಲ್ಲಿಗೆ ಪ್ರತಿ ವೇರಿಯೇಬಲ್ ಎಷ್ಟು ಮುಖ್ಯ ಅಂತ ಹೇಳುವ ಅಂಕಿ, ಅದರ ಬಗ್ಗೆ ಮಾತ್ರ ಒಂದು ಮಾತು, ಯಾಕೆಂದರೆ ಎಲ್ಲ ಥೀಸಿಸ್ಸಿನಲ್ಲೂ ಇರುತ್ತದೆ. ವಿಐಪಿ 1ಕ್ಕಿಂತ ಜಾಸ್ತಿ ಇದ್ದರೆ ಮುಖ್ಯ ವೇರಿಯೇಬಲ್ ಅಂತ ಬರೆಯುತ್ತಾರೆ. ವಿಐಪಿ ಅಂಕಿಗಳ ವರ್ಗದ (ಸ್ಕ್ವೇರ್) ಸರಾಸರಿ ಯಾವಾಗಲೂ 1 ಬರುವಂತೆಯೇ ಸೂತ್ರ ಕಟ್ಟಿದ್ದಾರೆ. ಅಂದಮೇಲೆ ಬರೀ ಗದ್ದಲ ಕೊಟ್ಟರೂ ಕೆಲವು 1ನ್ನು ದಾಟಲೇಬೇಕು.

ಈಗ ಇವತ್ತಿನ ಮುಖ್ಯ ಮಾತಿಗೆ ಬರುತ್ತೇನೆ. ತರಂಗಾಂತರ ಆರಿಸುವುದು ಮಾಡೆಲ್ ಕಟ್ಟುವ ಮುಂಚಿನ ತಯಾರಿ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಆರಿಸುವುದೂ ಮಾಡೆಲ್‌ನ ಭಾಗವೇ. ಅದನ್ನೂ ಪರೀಕ್ಷೆಗೆ ಕೂರಿಸಬೇಕು.

ಸಾಮಾನ್ಯವಾಗಿ ನಡೆಯುವುದು ಹೀಗೆ. ಅರವತ್ತೂ ಚೀಲದ ದತ್ತಾಂಶ ಇಟ್ಟುಕೊಂಡು ಒಳ್ಳೆಯ ಇಪ್ಪತ್ತು ತರಂಗಾಂತರ ಆರಿಸುತ್ತಾರೆ. ಆಮೇಲೆ ಆ ಇಪ್ಪತ್ತರ ಮೇಲೆ ಕ್ರಾಸ್ ವ್ಯಾಲಿಡೇಷನ್ ಮಾಡುತ್ತಾರೆ. ಒಂದಿಷ್ಟು ಚೀಲ ಹೊರಗಿಟ್ಟು, ಉಳಿದದ್ದರಲ್ಲಿ ಮಾಡೆಲ್ ಕಟ್ಟಿ, ಹೊರಗಿಟ್ಟದ್ದನ್ನು ಊಹಿಸುತ್ತಾರೆ. ನೋಡಲು ಪ್ರಾಮಾಣಿಕವಾಗಿಯೇ ಇದೆ. ಆದರೆ ಹೊರಗಿಟ್ಟ ಚೀಲದ ಆಸ್ಟಾ ಮೌಲ್ಯವನ್ನು ಆಗಲೇ ನೋಡಿಯೇ ತರಂಗಾಂತರ ಆರಿಸಿದ್ದಾಗಿದೆ. ಹೊರಗೆ ಇಟ್ಟದ್ದು ಸುಮ್ನೆ ಹೆಸರಿಗೆ.

ಇದು ಎಷ್ಟು ಮೋಸ ಮಾಡಬಲ್ಲದು? ಒಂದು ಲೆಕ್ಕ ಹಾಕೋಣ. 40 ಚೀಲ, 700 ವೇರಿಯೇಬಲ್, ಎಲ್ಲವೂ ಕಂಪ್ಯೂಟರ್ ಹುಟ್ಟಿಸಿದ ಸುಳ್ಳು ಅಂಕಿ. ಬಣ್ಣಕ್ಕೂ ಅವಕ್ಕೂ ಸಂಬಂಧವೇ ಇಲ್ಲ. ಆದರೂ ನೂರಕ್ಕೆ ಐದರ ಮಟ್ಟದಲ್ಲಿ (ಸಂಬಂಧವೇ ಇಲ್ಲದಿದ್ದರೂ ಆಕಸ್ಮಿಕವಾಗಿ ನೂರರಲ್ಲಿ ಐದು ದಾಟುವ ಮಟ್ಟ) ಸುಮಾರು 35 ವೇರಿಯೇಬಲ್‌ಗಳು ಸಂಬಂಧ ಇದೆ ಅಂತ ಕೈ ಎತ್ತುತ್ತವೆ. ಎಲ್ಲಕ್ಕಿಂತ ಜೋರಾಗಿ ಕೂಗುವುದರ ಸಹಸಂಬಂಧ (ಕೊರಿಲೇಷನ್, ಪೂರ್ತಿ ಸಂಬಂಧ ಇದ್ದರೆ 1) 0.5ರ ಹತ್ತಿರ ಇರುತ್ತದೆ. ಅಂಥ ಹತ್ತನ್ನು ಹೆಕ್ಕಿ ಮಾಡೆಲ್ ಕಟ್ಟಿ ಕ್ರಾಸ್ ವ್ಯಾಲಿಡೇಷನ್ ಮಾಡಿ, ಮರ್ಯಾದೆಯ ಫಲಿತಾಂಶವೇ ಬರುತ್ತದೆ. ನನ್ನ ಮಾತು ನಂಬಬೇಡಿ. ಇವತ್ತು ರಾತ್ರಿ ಹಾಸ್ಟೆಲ್ಲಿನಲ್ಲಿ ಕೂತು ಆರ್ ಅಥವಾ ಪೈಥಾನ್‌ನಲ್ಲಿ ಹತ್ತು ಸಾಲು ಬರೆದು ನೋಡಿ.

ಇದು ಹಳೆಯ ಕಥೆ. 1983ರಲ್ಲಿ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಫ್ರೀಡ್‌ಮನ್ 100 ಸಾಲು, 50 ವೇರಿಯೇಬಲ್‌ಗಳ ಬರೀ ಗದ್ದಲದ ಮೇಲೆ ಇಂಥದ್ದೇ ಮಾಡಿ ತೋರಿಸಿದರು. ಮೊದಲ ಸುತ್ತಿನಲ್ಲಿ ಸ್ವಲ್ಪ ಚೆನ್ನಾಗಿ ಕಂಡ 15ನ್ನು ಇಟ್ಟುಕೊಂಡು ಮತ್ತೆ ಮಾಡೆಲ್ ಕಟ್ಟಿದಾಗ ಅದರಲ್ಲಿ 6 ನೂರಕ್ಕೆ ಐದರ ಮಟ್ಟದಲ್ಲಿ ಪಾಸಾದವು. 2002ರಲ್ಲಿ ಆಂಬ್ರೋಯಿಸ್ ಮತ್ತು ಮೆಕ್‌ಲಾಕ್ಲನ್ ಇದೇ ತಪ್ಪು ಜೀನ್ ದತ್ತಾಂಶದಲ್ಲಿ ಹೇಗೆ ನುಸುಳುತ್ತದೆ ಅಂತ ತೋರಿಸಿದರು. ಆದರೂ ಇವತ್ತಿಗೂ ಪ್ರಬಂಧಗಳಲ್ಲಿ ಈ ತಪ್ಪು ಬರುತ್ತಲೇ ಇದೆ. ಸಾಫ್ಟ್‌ವೇರಿನ ಮೆನುವಿನಲ್ಲಿ ಆರಿಸುವ ಬಟನ್ ಮೊದಲು ಇದೆ, ಪರೀಕ್ಷಿಸುವ ಬಟನ್ ಆಮೇಲೆ ಇದೆ. ಜನ ಅದೇ ಕ್ರಮದಲ್ಲಿ ಒತ್ತುತ್ತಾರೆ.

ಮಾಡಬೇಕಾದದ್ದು ಇಷ್ಟು. ಮೊದಲು ಚೀಲ ಹೊರಗಿಡಿ. ಉಳಿದದ್ದರಲ್ಲಿ ತರಂಗಾಂತರ ಆರಿಸಿ, ಎಷ್ಟು ಘಟಕ ಅಂತ ತೀರ್ಮಾನಿಸಿ, ಮಾಡೆಲ್ ಕಟ್ಟಿ. ಆಮೇಲೆ ಹೊರಗಿಟ್ಟದ್ದನ್ನು ಊಹಿಸಿ. ಮುಂದಿನ ಸುತ್ತಿನಲ್ಲಿ ಬೇರೆ ಚೀಲ ಹೊರಗಿಟ್ಟಾಗ ಆರಿಸುವುದನ್ನೂ ಮತ್ತೆ ಮೊದಲಿನಿಂದ ಮಾಡಿ. ಒಳಗೊಂದು ಸುತ್ತು, ಹೊರಗೊಂದು ಸುತ್ತು. ಇದಕ್ಕೆ ಡಬಲ್ ಕ್ರಾಸ್ ವ್ಯಾಲಿಡೇಷನ್ ಅಂತ ಹೆಸರು. ಇದರಲ್ಲಿ ಪುಕ್ಕಟೆ ಸಿಗುವ ಇನ್ನೊಂದು ಲಾಭ ಇದೆ. ಪ್ರತಿ ಸುತ್ತಿನಲ್ಲೂ ಯಾವ ತರಂಗಾಂತರ ಆಯ್ಕೆಯಾಯಿತು ಅಂತ ಬರೆದಿಟ್ಟುಕೊಳ್ಳಿ. ಹತ್ತರಲ್ಲಿ ಒಂಬತ್ತು ಸಲ ಅದೇ ಜಾಗ ಬಂದರೆ ಅಲ್ಲಿ ಏನೋ ಇದೆ. ಒಂದು ಸಲ 1382, ಇನ್ನೊಂದು ಸಲ 2214, ಮತ್ತೊಂದು ಸಲ ಎಲ್ಲೋ, ಅಂತಾದರೆ ಆ ಪಟ್ಟಿಗೆ ರಾಸಾಯನಿಕ ಅರ್ಥ ಹಚ್ಚುತ್ತಾ ಕೂರಬೇಡಿ.

ತರಂಗಾಂತರದ ವಿಷಯ ಮಾತ್ರ ಅಲ್ಲ. ಸ್ಪೆಕ್ಟ್ರಮ್ಮನ್ನು ತೊಳೆದು ಶುದ್ಧ ಮಾಡುವ ವಿಧಾನಗಳಲ್ಲೂ ಇದೇ ಎಚ್ಚರ ಬೇಕು. ಪುಡಿಯ ಕಣ ದಪ್ಪ ಇದೆಯೋ ಸಣ್ಣ ಇದೆಯೋ ಅನ್ನುವುದರ ಮೇಲೆ ಬೆಳಕು ಚದುರುವುದು ಬದಲಾಗುತ್ತದೆ. ಅದನ್ನು ಸರಿ ಮಾಡಲು ಎಸ್‌ಎನ್‌ವಿ ಎಂಬ ವಿಧಾನ ಬಳಸಿದರೆ ಪ್ರತಿ ಸ್ಪೆಕ್ಟ್ರಮ್ ತನ್ನ ಪಾಡಿಗೆ ತಾನು ಸರಿಯಾಗುತ್ತದೆ. ಬೇರೆ ಚೀಲದ ಹಂಗಿಲ್ಲ. ಎಂಎಸ್‌ಸಿ ಎಂಬ ಇನ್ನೊಂದು ವಿಧಾನ ಹಾಗಲ್ಲ. ಅದಕ್ಕೆ ಎಲ್ಲ ಸ್ಯಾಂಪಲ್‌ಗಳ ಸರಾಸರಿ ಸ್ಪೆಕ್ಟ್ರಮ್ ಬೇಕು. ಆ ಸರಾಸರಿಯಲ್ಲಿ ಹೊರಗಿಟ್ಟ ಚೀಲ ಸೇರಿರಬಾರದು. ಸೋರಿಕೆ ಇಲ್ಲಿ ಸಣ್ಣದು, ಒಪ್ಪುತ್ತೇನೆ. ಆದರೆ ಅಭ್ಯಾಸ ಒಂದೇ ಇರಲಿ.

ಈಗ ಇನ್ನೂ ಕಷ್ಟದ ಭಾಗ. ಆರಿಸುವುದನ್ನು ಒಳಗೇ ಮಾಡಿದಿರಿ, ಪರೀಕ್ಷೆಯ ಸ್ಯಾಂಪಲ್ ಮುಟ್ಟಲೇ ಇಲ್ಲ, ಎಲ್ಲ ಶಿಸ್ತಾಗಿ ನಡೆಯಿತು. ಆಗಲೂ ಮಾಡೆಲ್ ಸುಳ್ಳಾಗಬಹುದು. ಇದಕ್ಕೆ ಮೆಣಸಿನಕಾಯಿ ಬಿಟ್ಟು ಒಂದು ಗಂಭೀರ ಉದಾಹರಣೆ ಕೊಡುತ್ತೇನೆ.

2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಮೆರಿಕದ ಒಂದು ತಂಡದ ಪ್ರಬಂಧ ಬಂತು. ರಕ್ತದ ಸೀರಮ್ಮಿನ ಮಾಸ್ ಸ್ಪೆಕ್ಟ್ರಮ್ (ಅಣುಗಳನ್ನು ತೂಕದ ಪ್ರಕಾರ ಬೇರೆ ಮಾಡಿ ತೋರಿಸುವ ಅಂಕಿಗಳ ಸಾಲು) ನೋಡಿ ಅಂಡಾಶಯದ ಕ್ಯಾನ್ಸರ್ ಹೇಳಬಹುದು ಅಂತ. ಒಂದೊಂದು ಸ್ಪೆಕ್ಟ್ರಮ್ಮಿನಲ್ಲೂ 15 ಸಾವಿರಕ್ಕೂ ಹೆಚ್ಚು ಬಿಂದುಗಳು. ಅದರಲ್ಲಿ ಐದನ್ನು ಜೆನೆಟಿಕ್ ಅಲ್ಗಾರಿದಮ್ ಆರಿಸಿತು. ಬಚ್ಚಿಟ್ಟಿದ್ದ 116 ಸ್ಯಾಂಪಲ್‌ಗಳ ಮೇಲೆ ಪರೀಕ್ಷೆ ಮಾಡಿದರು. ಕ್ಯಾನ್ಸರ್ ಇದ್ದ 50ಕ್ಕೆ 50 ಸರಿ, ಇಲ್ಲದ 66ರಲ್ಲಿ 63 ಸರಿ. ಪ್ರಪಂಚವೇ ಬೆರಗಾಯಿತು. ಆಮೇಲೆ ಹ್ಯೂಸ್ಟನ್ನಿನ ಬ್ಯಾಗರ್ಲಿ, ಮಾರಿಸ್, ಕೂಂಬ್ಸ್ ಎಂಬ ಮೂವರು ಆ ತಂಡ ಸಾರ್ವಜನಿಕವಾಗಿ ಇಟ್ಟಿದ್ದ ದತ್ತಾಂಶವನ್ನೇ ತೆಗೆದು ಮತ್ತೆ ನೋಡಿದರು. ಒಂದು ದತ್ತಾಂಶದಲ್ಲಿ ಕೆಲಸ ಮಾಡಿದ ಬಿಂದುಗಳು ಇನ್ನೊಂದರಲ್ಲಿ ಕೆಲಸ ಮಾಡಲಿಲ್ಲ. ಅದಕ್ಕಿಂತ ಜಾಸ್ತಿ ಗಾಬರಿಯ ವಿಷಯ ಏನೆಂದರೆ, ಉಪಕರಣದ ಗದ್ದಲ ಮಾತ್ರ ಇರುವ, ನಂಬಲು ಯೋಗ್ಯವಲ್ಲದ ಭಾಗದಿಂದಲೂ ಕ್ಯಾನ್ಸರ್ ಇದ್ದವರನ್ನೂ ಇಲ್ಲದವರನ್ನೂ ಬೇರೆ ಮಾಡಲು ಬರುತ್ತಿತ್ತು. ಅಲ್ಲಿ ರೋಗದ ಸುದ್ದಿ ಇರಲು ಸಾಧ್ಯವಿಲ್ಲ. ಎರಡು ಗುಂಪಿನ ಸ್ಯಾಂಪಲ್‌ಗಳನ್ನು ನಡೆಸಿದ ರೀತಿಯಲ್ಲೇ ಏನೋ ವ್ಯತ್ಯಾಸ ಆಗಿತ್ತು. 2004ರ ಅವರ ಪ್ರಬಂಧ ಇದನ್ನು ಬಿಡಿಸಿ ಹೇಳುತ್ತದೆ. ಈ ವಿಧಾನದ ಮೇಲೆ ನಿಂತ ಪರೀಕ್ಷೆಯೊಂದನ್ನು ಮಾರುಕಟ್ಟೆಗೆ ತರಲು ಹೊರಟಿದ್ದರು. ಮೊದಲು ಪರಿಶೀಲನೆ ಆಗಬೇಕು ಅಂತ ಅದೇ ವರ್ಷ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿತು.

ಬಚ್ಚಿಟ್ಟ 116 ಯಾಕೆ ಕಾಪಾಡಲಿಲ್ಲ? ಅವೂ ಅದೇ ರಾಶಿಯಿಂದ ಬಂದವು. ಕಟ್ಟುವ ಗುಂಪಿನಲ್ಲಿದ್ದ ವ್ಯತ್ಯಾಸವೇ ಪರೀಕ್ಷೆಯ ಗುಂಪಿನಲ್ಲೂ ಇರಬಲ್ಲದು. ಹಾಗಿದ್ದಾಗ ರೋಗ ಹಿಡಿಯಿತೋ, ಉಪಕರಣದ ಲಕ್ಷಣ ಹಿಡಿಯಿತೋ ಅಂತ ಆ ಅಂಕಿಗಳು ಹೇಳಲಾರವು.

ನಮ್ಮ ಚೀಲಗಳಿಗೆ ವಾಪಸ್ ಬನ್ನಿ. ನೀವು ಒಂದೊಂದು ಚೀಲದಿಂದ ಮೂರು ಸಲ ಪುಡಿ ತೆಗೆದು ಮೂರು ಸ್ಕ್ಯಾನ್ ಮಾಡುತ್ತೀರಿ. ಅರವತ್ತು ಚೀಲ, 180 ಸ್ಪೆಕ್ಟ್ರಮ್. ಕಂಪ್ಯೂಟರಿಗೆ ಹೇಳಿ ಚೀಟಿ ಎತ್ತಿದ ಹಾಗೆ ಭಾಗ ಮಾಡಿದರೆ ಒಂದೇ ಚೀಲದ ಎರಡು ಸ್ಕ್ಯಾನ್ ಕಟ್ಟುವ ಕಡೆ, ಒಂದು ಪರೀಕ್ಷೆಯ ಕಡೆ ಹೋಗುತ್ತದೆ. ಆಗ ಮಾಡೆಲ್ ಬಣ್ಣ ಕಲಿಯುವ ಬದಲು ಚೀಲದ ಗುರುತು ಹಿಡಿದರೂ ಪಾಸಾಗುತ್ತದೆ. ಆದ್ದರಿಂದ ಚೀಲ ಒಡೆಯಬಾರದು. ನಾನಾದರೆ ಊರನ್ನೂ ಒಡೆಯುವುದಿಲ್ಲ. ಕುಂದಗೋಳದ ಎರಿ ಭೂಮಿಯ ಕಾಯಿ ಎಲ್ಲ ಒಂದು ಗುಂಪು, ಲಕ್ಷ್ಮೇಶ್ವರ ಕಡೆಯದು ಒಂದು ಗುಂಪು, ಹಿರೇಕೆರೂರಿನದು ಇನ್ನೊಂದು. ಒಂದು ಊರನ್ನು ಪೂರ್ತಿ ಹೊರಗಿಟ್ಟು, ಉಳಿದ ಊರುಗಳಿಂದ ಕಲಿತ ಮಾಡೆಲ್ ಅದನ್ನು ಊಹಿಸಬಲ್ಲದಾ ನೋಡಿ. ಅಂಕಿ ಕೆಳಗೆ ಇಳಿಯುತ್ತದೆ. ಇಳಿಯಲಿ. ಸುಗ್ಗಿಯಿಂದ ಸುಗ್ಗಿಗೆ ಮಾಡಿದರೆ ಇನ್ನೂ ಇಳಿಯಬಹುದು. ಮಳೆ, ಒಣಗಿಸಿದ ಕಣ, ಕೋಲ್ಡ್ ಸ್ಟೋರೇಜಿನಲ್ಲಿ ಕೂತ ತಿಂಗಳುಗಳು, ಎಲ್ಲ ಬದಲಾಗಿರುತ್ತವೆ. ನಾಳೆ ಉಪಕರಣದ ಮುಂದೆ ಬರುವುದು ಹೊಸ ಸುಗ್ಗಿಯ ಚೀಲವೇ ತಾನೆ?

ಕೆನಾರ್ಡ್ ಮತ್ತು ಸ್ಟೋನ್ 1969ರಲ್ಲಿ ಕೊಟ್ಟ ಒಂದು ವಿಧಾನ ಈ ಕ್ಷೇತ್ರದಲ್ಲಿ ಬಹಳ ಚಾಲ್ತಿಯಲ್ಲಿದೆ. ಸ್ಪೆಕ್ಟ್ರಮ್‌ಗಳಲ್ಲಿ ಅಂಚಿನಲ್ಲಿರುವುದನ್ನೆಲ್ಲ ಮೊದಲು ಕಟ್ಟುವ ಗುಂಪಿಗೆ ಹಾಕುತ್ತದೆ. ಕಟ್ಟಲು ಒಳ್ಳೆಯದು. ಆದರೆ ಪರೀಕ್ಷೆಗೆ ಉಳಿಯುವುದು ನಡುವಿನ ಸುಲಭದ ಸ್ಯಾಂಪಲ್‌ಗಳು. ಆ ಪರೀಕ್ಷೆಯ ಅಂಕ ಸ್ವಲ್ಪ ಉದಾರವಾಗಿಯೇ ಇರುತ್ತದೆ ಅಂತ ನೆನಪಿಡಿ.

ಆರ್ ಸ್ಕ್ವೇರ್ (ಊಹೆ ನಿಜಕ್ಕೆ ಎಷ್ಟು ಹೊಂದುತ್ತದೆ ಅನ್ನುವ ಅಂಕ, ಪೂರ್ತಿ ಹೊಂದಿದರೆ 1) ಬಗ್ಗೆ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಒಂದು ಕಲ್ಪನೆಯ ಲೆಕ್ಕ. ನಿಮ್ಮ ಅರ್ಧ ಸ್ಯಾಂಪಲ್ ಬ್ಯಾಡಗಿಯದು, ಆಸ್ಟಾ 120ರಿಂದ 180ರ ನಡುವೆ ಸಮನಾಗಿ ಹರಡಿದೆ. ಇನ್ನರ್ಧ ಗುಂಟೂರು ಕಡೆಯ ಖಾರದ ಕಾಯಿ, 30ರಿಂದ 60. ಮಾಡೆಲ್‌ನ ತಪ್ಪು ಎರಡೂ ಕಡೆ 20 ಅಂದುಕೊಳ್ಳಿ. ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಆರ್ ಸ್ಕ್ವೇರ್ 0.86 ಬರುತ್ತದೆ. ಆರ್‌ಪಿಡಿ, ಅಂದರೆ ಎಲ್ಲ ಸ್ಯಾಂಪಲ್ಲಿನ ಹರವನ್ನು ಮಾಡೆಲ್‌ನ ತಪ್ಪಿನಿಂದ ಭಾಗಿಸಿದ್ದು, 2.7. ಪ್ರಬಂಧ ಪ್ರಕಟವಾಗುತ್ತದೆ. ಈಗ ಬ್ಯಾಡಗಿ ಕಾಯಿ ಮಾತ್ರ ನೋಡಿ. ಅದರ ಸ್ವಂತ ಹರವು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸುಮಾರು 17. ಮಾಡೆಲ್‌ನ ತಪ್ಪು 20. ಯಂತ್ರವನ್ನು ಮನೆಯಲ್ಲಿಟ್ಟು ಪ್ರತಿ ಚೀಲಕ್ಕೂ 150 ಅಂತ ಕಣ್ಣು ಮುಚ್ಚಿ ಹೇಳಿದವನೇ ಇದಕ್ಕಿಂತ ಹತ್ತಿರ ಬರುತ್ತಾನೆ. ಯಂತ್ರ ಕಲಿತದ್ದು ಬ್ಯಾಡಗಿಯೋ ಗುಂಟೂರೋ ಅಂತ ಹೇಳಲು. ಅದನ್ನು ಬ್ಯಾಡಗಿಯ ಹಮಾಲರು ದೂರದಿಂದ ನೋಡಿಯೇ ಹೇಳುತ್ತಾರೆ.

ಇದಕ್ಕೆ ಸೇರಿದ ಇನ್ನೊಂದು ಅನುಮಾನ ನನಗೆ ಯಾವಾಗಲೂ ಇದೆ. ವರ್ಣದ್ರವ್ಯ ಹೀರುವುದು ಕಣ್ಣಿಗೆ ಕಾಣುವ ಬೆಳಕನ್ನು. ಕಾಯಿಯಲ್ಲಿ ಅದರ ತೂಕ ಶೇಕಡ ಒಂದಕ್ಕಿಂತ ಕಡಿಮೆ. ಹಾಗಾದರೆ 1100ರ ಆಚೆ ಮಾಡೆಲ್ ಏನನ್ನು ನೋಡಿ ಬಣ್ಣ ಹೇಳುತ್ತಿದೆ? 1450 ಮತ್ತು 1940ರ ಸುತ್ತ ಇರುವುದು ನೀರು. 1725, 2310, 2350ರ ಸುತ್ತ ಎಣ್ಣೆ. ಕಾಯಿಯಲ್ಲಿ ಎಣ್ಣೆ ಜಾಸ್ತಿ ಇರುವುದು ಬೀಜದಲ್ಲಿ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಡಬ್ಬಿ ಕಾಯಿಯಲ್ಲಿ ಬೀಜ ಜಾಸ್ತಿ, ಕಡ್ಡಿಯಲ್ಲಿ ಕಮ್ಮಿ. ನಿಮ್ಮ ರಾಶಿಯಲ್ಲಿ ಬಣ್ಣದ ಕಾಯಿ ಎಲ್ಲ ಡಬ್ಬಿಯೇ ಆಗಿದ್ದರೆ, ಮಾಡೆಲ್ ಬೀಜದ ಎಣ್ಣೆ ಅಳೆದು ಬಣ್ಣ ಅಂತ ಹೇಳುತ್ತಿರಬಹುದು. ಬೀಜ ತುಂಬಿದ, ಬಣ್ಣ ಹೋದ ಹಳೆಯ ಕಾಯಿ ಬಂದ ದಿನ ಇದು ಬಯಲಾಗುತ್ತದೆ. ಆರಿಸಿದ ತರಂಗಾಂತರಗಳ ಪಟ್ಟಿಯನ್ನು ನಾನು ಓದುವುದೇ ಇದಕ್ಕಾಗಿ. ಪಟ್ಟಿಯಲ್ಲಿ ಬರೀ ಎಣ್ಣೆಯ ಜಾಗಗಳೇ ಇದ್ದರೆ, ಬೀಜ ತೆಗೆದು ಪುಡಿ ಮಾಡಿದ ಕೆಲವು ಸ್ಯಾಂಪಲ್ ಕೊಟ್ಟು ನೋಡಿ. ಸಾಧ್ಯವಾದರೆ ಕಾಣುವ ಬೆಳಕನ್ನೂ ಅಳೆಯುವ ಉಪಕರಣ ತರಿಸಿ.

ಪ್ರಶ್ನೋತ್ತರದಲ್ಲಿ ಡೀಪ್ ಲರ್ನಿಂಗ್ ಬಗ್ಗೆ ಒಬ್ಬರು ಕೇಳಿದರು. ಅರವತ್ತು ಚೀಲಕ್ಕೆ ಅದು ಬೇಡ ಅಂದೆ. ಸಾವಿರಾರು ಇದ್ದರೆ ನೋಡೋಣ. ಆಗಲೂ ಊರು ಒಡೆಯದೆ ಪರೀಕ್ಷಿಸಬೇಕು.

ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, ಮೆಣಸಿನಕಾಯಿ ಬೆಳೆಯುವವರು, ಎದ್ದು ನಿಂತರು. "ಸರ, ಮಷಿನ್ ಬಂದ್ರ ನಮಗ ರೇಟ್ ಚಲೋ ಸಿಗ್ತದೇನ್ರಿ?" ರೇಟಿನ ಬಗ್ಗೆ ನಾನು ಹೇಳಲಾರೆ ಅಂದೆ. ಆದರೆ ಯಂತ್ರ 140 ಅಂತ ತೋರಿಸಿದರೆ, ಎಷ್ಟು ಹೆಚ್ಚುಕಮ್ಮಿ ಅಂತ ಕೇಳುವ ಹಕ್ಕು ನಿಮಗಿದೆ. ಅದು ಯಾವ ಊರಿನ, ಯಾವ ವರ್ಷದ ಕಾಯಿಯ ಮೇಲೆ ಪರೀಕ್ಷೆ ಆಗಿದೆ ಅಂತಲೂ ಕೇಳಿ. ಉತ್ತರ ಕೊಡದವರಿಗೆ ಕೈಯಿಂದ ಮುರಿದು ನೋಡಲು ಹೇಳಿ.

ಕೊನೆಗೆ ಒಬ್ಬ ವಿದ್ಯಾರ್ಥಿನಿ. "ನಮ್ಮ ಹತ್ರ ಅರವತ್ತ ಸ್ಯಾಂಪಲ್ ಅದಾವ್ರಿ ಸರ. ಎಲ್ಲಾ ಒಂದ ಸುಗ್ಗಿದು. ಥೀಸಿಸ್ ಕೊಡೂದು ಹತ್ತಿರ ಬಂದೈತಿ. ಏನ್ ಮಾಡ್ಲಿ?" ಇದ್ದದ್ದರಲ್ಲೇ ಊರು ಹೊರಗಿಟ್ಟು ಪರೀಕ್ಷೆ ಮಾಡಮ್ಮಾ ಅಂದೆ. ಒಂದು ಸುಗ್ಗಿಯ ಮೇಲೆ ಮಾತ್ರ ನೋಡಿದ್ದು ಅಂತ ಸಾರಾಂಶದಲ್ಲೇ ಬರೆ, ಕೊನೆಯ ಪುಟದಲ್ಲಿ ಅಲ್ಲ. ಮಾಡೆಲ್‌ನ ಗುಣಾಂಕಗಳನ್ನು ಈಗಲೇ ಗೈಡ್‌ಗೆ ಮೇಲ್ ಮಾಡಿಬಿಡು, ತಾರೀಖು ಉಳಿಯುತ್ತದೆ. ಮುಂದಿನ ಸುಗ್ಗಿಯಲ್ಲಿ ಜೂನಿಯರ್ ಯಾರಾದರೂ ಹತ್ತು ಹೊಸ ಚೀಲ ತಂದು ಅದೇ ಗುಣಾಂಕ ಹಾಕಿ ನೋಡಲಿ, ಏನನ್ನೂ ತಿದ್ದದೆ. ಆಸ್ಟಾ ಮಾಡಿಸುವ ಖರ್ಚು ಯಾರದು ಅಂತ ಅವಳು ಕೇಳಿದಳು. ಗೈಡ್ ಅಲ್ಲೇ ಮುಂದಿನ ಸಾಲಿನಲ್ಲಿದ್ದರು, ಅವರ ಕಡೆ ಕೈ ತೋರಿಸಿದೆ.